ಪಾಪಸಂಕೀರ್ತನೆಗೆ ಮುನ್ನ



ವರ್ಷಕ್ಕೊಮ್ಮೆಯಾದರೂ ಪಾಪಸಂಕೀರ್ತನೆ ಮಾಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಬಾಲ್ಯದಲ್ಲಿ ಕಂಠಪಾಠ ಮಾಡಿದ ಪಟ್ಟಿಯನ್ನೇ ಗುರುಗಳಿಗೆ ಒಪ್ಪಿಸಿ ಎದ್ದುಬಿಡುವುದು ನಮಗೆ ಸುಲಭ. ತಮ್ಮನ ಪಾಲಿನ ಜಮೀನು, ಕೂಲಿಯಾಳಿನ ಬಾಕಿ ಕೂಲಿ ಆ ಪಟ್ಟಿಯಲ್ಲಿ ಬರುವುದೇ ಇಲ್ಲ!

ಲೊಯೋಲದ ಸಂತ ಇಗ್ನೇಷಿಯಸರು ಆತ್ಮಪರಿಶೋಧನೆಯನ್ನು ಪಾಪಗಳ ಎಣಿಕೆಯಿಂದಲ್ಲ, ದೇವರಿಗೆ ಸಲ್ಲಿಸುವ ಕೃತಜ್ಞತೆಯಿಂದ ಆರಂಭಿಸಿದರು. ಬಳಿಕ ಪಾಪವನ್ನು ಅರಿಯುವ ವರ ಬೇಡಿ, ಎದ್ದಾಗಿನಿಂದ ಗಳಿಗೆ ಗಳಿಗೆಯ ಲೆಕ್ಕ ನೋಡಬೇಕು. ತಿದ್ದಿಕೊಳ್ಳಬೇಕಾದ ಒಂದೇ ದೋಷವನ್ನು ಆರಿಸಿ, ಬಿದ್ದಷ್ಟು ಸಲ ಗೆರೆಯ ಮೇಲೆ ಗುರುತಿಟ್ಟು, ನಿನ್ನೆಯೊಡನೆ ಇಂದನ್ನೂ ಕಳೆದ ವಾರದೊಡನೆ ಈ ವಾರವನ್ನೂ ಹೋಲಿಸಿರೆಂದರು. ಅಂಗಡಿಯ ಸಾಲದ ಪುಸ್ತಕವನ್ನು ನಾವು ಇದಕ್ಕಿಂತ ಜೋಪಾನವಾಗಿ ಬರೆಯುತ್ತೇವಲ್ಲವೇ?

ಕ್ಷಮೆ ದೊರೆತ ಮಾತ್ರಕ್ಕೆ ಮಾಡಿದ ಹಾನಿ ತುಂಬಿಬಾರದು; ಅಪಹರಿಸಿದ್ದನ್ನು ಹಿಂದಿರುಗಿಸಬೇಕೆಂಬುದು ಧರ್ಮಸಭೆಯ ಬೋಧನೆ. ಆದುದರಿಂದ ಗುರುಗಳ ಬಳಿಗೆ ಹೋಗುವ ದಾರಿಯಲ್ಲೇ ಆ ಕೂಲಿಯಾಳಿನ ಮನೆಗೂ ಹೋಗಿ ಬರೋಣ.