ಮಸೂದೆ ತಿದ್ದುವ ಯಂತ್ರಕ್ಕೆ ವಿಭಕ್ತಿ ಗೊತ್ತೇ?



ಮಸೂದೆಗೆ ಬಂದ ತಿದ್ದುಪಡಿಗಳನ್ನು ತಾನೇ ಸೇರಿಸಿ, ತಿದ್ದಿದ ಪ್ರತಿ ತೋರಿಸುವ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಅಮೆರಿಕದ ಪ್ರತಿನಿಧಿ ಸಭೆಯ ಸಿಬ್ಬಂದಿಗೆಲ್ಲ 2022ರಲ್ಲೇ ಇಂಥದ್ದು ಸಿಕ್ಕಿತು. ಒಳ್ಳೆಯದೇ. ಆದರೆ ಅದರ ಮಿತಿಯೂ ನಮಗೆ ತಿಳಿದಿರಲಿ.

ಒಂದು ತಿದ್ದುಪಡಿ 3ನೇ ಕಲಮಿಗೆ 4 ಎಂದು ಸಂಖ್ಯೆ ಕೊಡುತ್ತದೆ. ಇನ್ನೊಂದು '4ನೇ ಕಲಮಿನಲ್ಲಿ' ಎನ್ನುತ್ತದೆ. ಯಾವ 4? ಹಳೆಯದೋ, ಹೊಸದೋ? ಒಂದು ಪದ ತೆಗೆಯಿರಿ ಎಂದಿದೆ. ಆ ಪದ ಐದು ಕಡೆ ಇದ್ದರೆ? 'ಉಳಿದೆಡೆ ತಕ್ಕಂತೆ ಬದಲಿಸತಕ್ಕದ್ದು' ಎಂದರಂತೂ ಯಂತ್ರ ಕೈಚೆಲ್ಲುತ್ತದೆ.

ಕರ್ನಾಟಕದ ಮಸೂದೆಗಳು ಕನ್ನಡದಲ್ಲೂ ಬರುತ್ತವೆ. ನಮಗೆ ತೊಡಕು ಇನ್ನೂ ಹೆಚ್ಚು. ಇಂಗ್ಲಿಷಿನ 'ಬೋರ್ಡ್' ಎಲ್ಲಿ ಕೂತರೂ ಬೋರ್ಡೇ. ನಮ್ಮ 'ಮಂಡಳಿ' ಮಂಡಳಿಯು, ಮಂಡಳಿಗೆ, ಮಂಡಳಿಯಿಂದ ಆಗುತ್ತದೆ. ಆ ಜಾಗಕ್ಕೆ 'ಪ್ರಾಧಿಕಾರ' ತುರುಕಿದರೆ 'ಪ್ರಾಧಿಕಾರಯಿಂದ' ಎಂದಾಗುತ್ತದೆ! 'ಹುಡುಕಿ ಬದಲಿಸು' ಗುಂಡಿಯ ಈ ಅವಾಂತರ ನಮ್ಮ ಪ್ರೆಸ್ಸುಗಳಿಗೆ ಹೊಸದಲ್ಲ. ಮದುವೆ ಪತ್ರಿಕೆಯಲ್ಲಾದರೆ ನಗು, ಕಾನೂನಿನಲ್ಲಾದರೆ ಕೋರ್ಟು.

ಕಂಪ್ಯೂಟರ್ ಕಲಿತ ತಮ್ಮಂದಿರೇ, ತಂಗಿಯರೇ, ಕನ್ನಡದ ವಿಭಕ್ತಿ ಬಲ್ಲ ಯಂತ್ರವನ್ನು ನೀವೇ ಕಟ್ಟಿ. ಆದರೂ ಕೊನೆಯ ಕರಡನ್ನು ಮನುಷ್ಯರೇ ಓದಲಿ. ಓದುವವರಿಗೆ ಕಾನೂನೂ ಬರಲಿ, ಕನ್ನಡವೂ ಬರಲಿ!