ತುಂಬಿಟ್ಟ ಬ್ಯಾಟರಿಯ ಅಪಾಯ

ಕರೆಂಟು ಹೋಗಿಬರುವ ಮಲೆನಾಡಿನ ಮನೆಗಳಲ್ಲಿ ಇನ್ವರ್ಟರಿನ ಬ್ಯಾಟರಿಯನ್ನು ಸದಾ ತುಂಬಿಡುವುದು ರೂಢಿ. ಸೀಸ-ಆಮ್ಲದ ಆ ಬ್ಯಾಟರಿಗೆ ಅದು ಹಿತವೇ; ಬರಿದಾಗಿಟ್ಟರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಕಟ್ಟುತ್ತದೆ. ಆದರೆ ವಿದ್ಯಾರ್ಥಿಗಳು ಹಾರಿಸುವ ಮಾದರಿ ವಿಮಾನಗಳ ಲಿಥಿಯಂ ಪಾಲಿಮರ್ ಬ್ಯಾಟರಿಗೆ ಇದೇ ರೂಢಿ ಮಾರಕ. ಪೂರ್ಣ ತುಂಬಿದಾಗ ಇದರ ಒಂದೊಂದು ಕೋಶವೂ 4.2 ವೋಲ್ಟ್ ತೋರುತ್ತದೆ. ಹಾಗೆಯೇ ವಾರಗಟ್ಟಲೆ ಇಟ್ಟರೆ, ಅದರಲ್ಲೂ ಬೇಸಗೆಯ ಕಾವಿನಲ್ಲಿ, ಒಳಗಿನ ದ್ರಾವಣ ವಿಘಟಿಸಿ ಅನಿಲವಾಗಿ ಕೋಶ ಉಬ್ಬುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೂ ಹಾನಿಯೇ. ಹಾರಾಟವಿಲ್ಲದ ಮಳೆಗಾಲದುದ್ದಕ್ಕೂ 3.8 ವೋಲ್ಟಿನ ಆಸುಪಾಸಿನಲ್ಲಿರಿಸುವುದು ಸೂಕ್ತ.

ಚಾರ್ಜು ಮಾಡಲು ಕೋಶಗಳನ್ನು ಸಮತೋಲದಲ್ಲಿಡುವ ಚಾರ್ಜರೇ ಬೇಕು. 2200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ 2.2 ಆಂಪಿಯರ್ ಸಾಕು. ರಾತ್ರಿ ಚಾರ್ಜಿಗಿಟ್ಟು ಮಲಗುವುದು ಮೊಬೈಲಿನಿಂದ ಬಂದ ಕೆಟ್ಟ ಚಾಳಿ, ಒಬ್ಬರು ಹತ್ತಿರವಿರಲೇಬೇಕು. ಅಡಿಕೆ ಸಿಪ್ಪೆ, ಒಣಹುಲ್ಲು ತುಂಬಿದ ಅಟ್ಟ ಇದಕ್ಕೆ ತಕ್ಕ ಸ್ಥಳವಲ್ಲ, ಕಲ್ಲುಹಾಸಿನ ಜಗಲಿ ಮೇಲು. ಹೊತ್ತಿದ ಕೋಶದೊಳಗಿನ ಆಕ್ಸೈಡು ತಾನೇ ಆಮ್ಲಜನಕವನ್ನು ಬಿಡುವುದರಿಂದ ಗೋಣಿ ಮುಚ್ಚಿದರೆ ಬೆಂಕಿ ಆರದು. ವಿದ್ಯುತ್ತನ್ನು ಕಡಿದು, ದೂರ ನಿಂತು ಧಾರಾಳ ನೀರೆರೆದು ತಂಪುಗೊಳಿಸಬೇಕು. ಅದರ ಹೊಗೆ ವಿಷಕಾರಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚದೆ, ತೋಟದ ಗುಂಡಿಗೂ ಎಸೆಯದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಬೇರೆಯಾಗಿಯೇ ಸಂಗ್ರಾಹಕರಿಗೆ ಒಪ್ಪಿಸತಕ್ಕದ್ದು.