ಕತ್ತಿ ತೊಳೆದದ್ದಕ್ಕೆ ಊರು ಕೊಡುತ್ತಿದ್ದ ಕಾಲ

ಮೊಬೈಲ್ ಗೇಮ್‌ನಲ್ಲಿ ಯುದ್ಧ ಗೆದ್ರೆ ಏನ್ ಸಿಗುತ್ತೆ? ಕಾಯಿನ್ಸ್. ನಮ್ಮ ನಾಡಲ್ಲಿ ಸಾವಿರ ವರ್ಷದ ಹಿಂದೆ ಏನ್ ಸಿಗ್ತಿತ್ತು ಗೊತ್ತಾ? ಊರು. ಇವತ್ತು ಅದರ ಕಥೆ ಹೇಳ್ತೀನಿ.

949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆಯ್ತು. ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಮೆಚ್ಚಿದ ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ ಅವನಿಗೆ ಬನವಾಸಿ, ಬೆಳ್ವೊಲದಂಥ ನಾಡುಗಳನ್ನೇ ಕೊಟ್ಟ. ಬೂತುಗನ ಪಕ್ಕ ನಿಂತು ಹೋರಾಡಿದವನು ಮಣಲೇರ. ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿ! ಆಮೇಲೆ ಬೂತುಗ ಅವನಿಗೆ ಆತಕೂರು ಸೇರಿ ಹನ್ನೆರಡು ಹಳ್ಳಿಗಳನ್ನೂ ಕೊಟ್ಟ. ಶಾಸನ ಈ ಕೊಡುಗೆಯನ್ನು ಕರೆಯೋದು 'ಬಾಳ್ಗಚ್ಚು' ಅಂತ. ಬಾಳ್ ಅಂದ್ರೆ ಕತ್ತಿ, ಕಚ್ಚು ಅಂದ್ರೆ ತೊಳೆಯೋದು. ರಕ್ತ ಮೆತ್ತಿದ ಕತ್ತಿ ತೊಳೆದದ್ದಕ್ಕೆ ಸಿಕ್ಕ ನೆಲ.

ದುಡ್ಡು ಯಾಕೆ ಕೊಡ್ಲಿಲ್ಲ? ಯೋಚಿಸಿ. ಚಿನ್ನದ ಚೀಲ ಒಂದಿನ ಖಾಲಿ ಆಗುತ್ತೆ. ನೆಲ ವರ್ಷಾ ವರ್ಷ ಫಸಲು ಕೊಡುತ್ತೆ. ಊರು ಸಿಕ್ಕವನು ಆ ಊರನ್ನು ಕಾಯ್ತಾನೆ, ಮುಂದಿನ ಯುದ್ಧಕ್ಕೆ ಕರೆದಾಗ ಬರ್ತಾನೆ. ಚಕ್ರವರ್ತಿ ಬೂತುಗನಿಗೆ, ಬೂತುಗ ಮಣಲೇರನಿಗೆ: ಹೀಗೆ ನೆಲವೇ ಸೈನ್ಯವನ್ನು ಕಟ್ಟಿ ಹಿಡಿಯೋ ಹಗ್ಗ.

ಸತ್ತವನಿಗೆ ಏನು? ಇದಕ್ಕೆ ಬೆಂಗಳೂರಿನ ಬೇಗೂರಿಗೇ ಬನ್ನಿ. 890ರ ಸುಮಾರಿನ ವೀರಗಲ್ಲಿನಲ್ಲಿ ನಾಗತ್ತರ ಅನ್ನೋ ನಾಯಕ ಯುದ್ಧದಲ್ಲಿ ಸಾಯ್ತಾನೆ. ಸುದ್ದಿ ಕೇಳಿದ ಗಂಗ ದೊರೆ ಎರೆಯಪ್ಪ, ಇರುಗ ಅನ್ನುವವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು 'ಕಲ್ನಾಡು' ಆಗಿ ಕೊಡ್ತಾನೆ. ಬೆಂಪೂರು ಅಂದ್ರೆ ಈಗಿನ ಬೇಗೂರು. ಮನುಷ್ಯ ಹೋದ, ಹೆಸರೂ ಜಾಗವೂ ಖಾಲಿ ಬೀಳಲಿಲ್ಲ. ಇದನ್ನು ಕಂಡ ಉಳಿದ ಸೈನಿಕರಿಗೆ ಒಂದು ಧೈರ್ಯ: ನಾನು ಸತ್ತರೂ ಮರೆಯಲ್ಲ.

ಈಗ ಮತ್ತೆ ಕಾಳಿ ಕಥೆ. ಅದು ದೊಡ್ಡ ಹಂದಿ ಜೊತೆ ಕಾದಾಡಿ, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಲ್ಲಿ ಆ ನಾಯಿಗೊಂದು ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ದೊಡ್ಡ ಕೆರೆ ಕೆಳಗೆ ಎರಡು ಖಂಡುಗ, ಅಂದ್ರೆ ಅಷ್ಟು ಬೀಜ ಬಿತ್ತುವಷ್ಟು ಭೂಮಿ ಬಿಟ್ಟರು. ಆ ನೆಲ ಹಾಳು ಮಾಡಿದವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಅಂತ ಶಾಪವನ್ನೂ ಕೆತ್ತಿಸಿದರು. ಶಾಪ ಯಾಕೆ ಬೇಕಿತ್ತು? ಕೊಟ್ಟವನು ಇವತ್ತು ಇರ್ತಾನೆ, ನಾಳೆ ಇರಲ್ಲ. ಮುಂದೆ ಬರೋ ದೊರೆ ಕಿತ್ಕೊಳ್ಳಬಹುದು ಅನ್ನೋ ಭಯ ಅದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಹೋಗಿ ನೋಡಿ.

ನನ್ನನ್ನು ಕಾಡೋದು ಬೇರೆ. ಕತ್ತಿ ಹಿಡಿದವನ ಹೆಸರು ಕಲ್ಲಲ್ಲಿದೆ, ನಾಯಿಯ ಹೆಸರೂ ಇದೆ. ಆ ಹನ್ನೆರಡು ಹಳ್ಳಿಯಲ್ಲಿ ನೇಗಿಲು ಹಿಡಿದ ಒಕ್ಕಲಿನವರ ಹೆಸರು ಇಲ್ಲ. ದೊರೆ ಕೊಟ್ಟಿದ್ದು ಅವರ ಬೆವರಿನ ಪಾಲನ್ನು. ನೀವು ರಾಜ್ಯ, ಬುಡಕಟ್ಟು, ಯುದ್ಧ ಅಂತ ಕಥೆನೋ ಗೇಮೋ ಕಟ್ಟೋದಾದ್ರೆ, ವೀರನಿಗೆ ಊರು ಕೊಡುವ ಮುಂಚೆ ಒಂದು ಸಲ ಕೇಳ್ಕೊಳ್ಳಿ: ಆ ಊರಲ್ಲಿ ಆಗಲೇ ಯಾರಿದ್ದಾರೆ?

ಮುಂದಿನ ವಾರ ಸಿಗೋಣ.